ಅರಳದ ಗುಂಡು

"ಅರಳಿಲ್ಲ, ನೋಡು," ಎಂದು ಷೆರೀಫ್ ಪೆಂಗಿಲಿ ಔಷಧಿಯ ಪುಟ್ಟ ಬಾಟಲಿಯೊಂದನ್ನು ಅಡುಗೆಮನೆಯ ಮೇಜಿನ ಮೇಲೆ, ತನ್ನ ಕಾಫಿ ಕಪ್ಪಿನ ಪಕ್ಕದಲ್ಲಿ ಇಟ್ಟ.

ಬಾಟಲಿಯೊಳಗೆ ಹತ್ತಿಯ ಮೇಲೆ ಒಂದು ಗುಂಡು ಮಲಗಿತ್ತು. ಜಿಂಕೆ ಬೇಟೆ ಶುರುವಾದ ದಿನ ಜೌಗಿನ ಅಂಚಿನಲ್ಲಿ ಸತ್ತು ಬಿದ್ದಿದ್ದ ಲೂಶನ್ ನಾಡೋ ಎಂಬ ಹುಡುಗನ ಎದೆಯಿಂದ ಡಾಕ್ಟರು ತೆಗೆದ ಗುಂಡು. ಆ ಸಾವಿಗಾಗಿಯೇ ಸೈಮಿಯ ತಮ್ಮ ಒನ್ನಿ ಈಗ ಲಾಕಪ್ಪಿನಲ್ಲಿದ್ದ.

ಸೈಮಿ ಏಲಕ್ಕಿ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಬಾಟಲಿಯನ್ನು ಮುಟ್ಟಲಿಲ್ಲ. ಮುಟ್ಟಬೇಕಾಗಿಯೂ ಇರಲಿಲ್ಲ. ಮೂತಿ ಚಪ್ಪಟೆ, ಸೊಂಟಕ್ಕೆ ಮೂರು ಗೆರೆ. ಪುರೊಲಾ ಊರಿನ ಯಾವ ಬೇಟೆಗಾರನನ್ನು ಕೇಳಿದರೂ ಇದು ಸೈಮಿ ರೌಟಿಯೊ ಸೀಸ ಎರೆಯುವ ಅಚ್ಚಿನದೆಂದು ಹೇಳುತ್ತಿದ್ದ.

"ನನ್ನದೇ," ಎಂದಳು.

"ಅದನ್ನ ಕೇಳೋಕೆ ಇಷ್ಟು ದೂರ ಬರ್ತೀನಾ? ಅದು ನನ್ನ ನಾಯಿಗೂ ಗೊತ್ತು." ಪೆಂಗಿಲಿ ಸಕ್ಕರೆ ತುಂಡನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಕಾಫಿ ಹೀರಿದ. ಅವನು ಹಡಗಿನಲ್ಲಿ ವಲಸೆ ಬಂದ ಕಾರ್ನಿಷ್ ಗಣಿಗಾರರ ಮನೆಯ ಮಗ. ಊರಿನ ಫಿನ್ನಿಷ್ ವಲಸಿಗರ ನಡುವೆ ಬೆಳೆದು ಅವರ ಕಾಫಿಯ ಚಟವನ್ನೂ ಮೊಂಡುತನವನ್ನೂ ಕಲಿತಿದ್ದ. "ಸುಮ್ನೆ ಕಾಫಿ ಕುಡಿಯೋಕೆ ಬಂದೆ ಅಂತ ತಿಳ್ಕೊ."

"ಮೂರು ಕಪ್ಪು ಆಯ್ತು. ಈಗಲಾದ್ರೂ ಬಂದ ವಿಷಯ ಹೇಳ್ತೀಯೋ, ಇಲ್ಲ ಪಾತ್ರೆ ತೊಳೆದುಕೊಟ್ಟೇ ಹೋಗ್ತೀಯೋ?"

"ಸ್ಕೂಲಲ್ಲೂ ಹೀಗೇ ಇದ್ದೆ ನೀನು. ಟೀಚರಮ್ಮನಿಗಿಂತ ನಿನಗೇ ಜಾಸ್ತಿ ಹೆದರ್ತಿದ್ವಿ." ಅವನು ನಗಲಿಲ್ಲ. ಕಣ್ಣಿನ ಕೆಳಗೆ ಕಪ್ಪು ಇಳಿದಿತ್ತು. "ನೋಡು ಸೈಮಿ. ಒನ್ನಿ ಏನಂತಾನೆ? ಜಿಂಕೆಗೆ ಹೊಡೆದೆ, ಗುಂಡು ಜಿಂಕೆಯನ್ನ ದಾಟಿ ಹೋಯ್ತು, ಹಿಂದೆ ಪೊದೇಲಿ ನಾಡೋ ಇದ್ದಿದ್ದು ಕಾಣಲಿಲ್ಲ ಅಂತಾನೆ. ಆಗಬಹುದು. ನಮ್ಮ ಕಾಡಲ್ಲಿ ಹಿಂದೆ ಆಗಿದೆ. ಆದ್ರೆ ಸರ್ಕಾರಿ ವಕೀಲ ಒಪ್ತಾ ಇಲ್ಲ."

"ಯಾಕಂತೆ?"

"ಜಿಂಕೆ ಮೈ ಹೊಕ್ಕ ಗುಂಡು ಅಣಬೆ ಥರ ಅರಳ್ಕೋಬೇಕು. ಇದು ಈಗ ತಾನೆ ಅಚ್ಚಿಂದ ಬಿದ್ದ ಹಾಗಿದೆ. ಹಾಗಾಗಿ ಇದು ಯಾವ ಜಿಂಕೆನೂ ಕಂಡಿಲ್ಲ. ದೂರದಿಂದ ನೇರವಾಗಿ ಬಂದು, ಬರೋ ಹೊತ್ತಿಗೆ ಕಸುವು ಕಳ್ಕೊಂಡು, ಅರಳದೇ ಹುಡುಗನ ಎದೇಲಿ ಕೂತಿದೆ. ಗುರಿಯಿಟ್ಟು ಹೊಡೆದ, ಕೊಲೆ. ಇದು ಅವನ ವಾದ."

"ಒನ್ನಿ ಯಾಕೆ ಕೊಲ್ತಾನೆ?"

"ನೀನು ಕೇಳ್ತೀಯ ಇದನ್ನ? ಬೇಸಿಗೇಲಿ ಆ ನಾಡೋ ನಿನ್ನ ಮಗಳ ಜೊತೆಗಿನ ಮದುವೆ ನಿಶ್ಚಯ ಮುರಿದು, ಏನೂ ಆಗದವನ ಹಾಗೆ ಊರಲ್ಲಿ ಸುತ್ತಾಡ್ತಿದ್ದಾಗ ಒನ್ನಿ ಬಾರಿನಲ್ಲಿ ಎದ್ದು ನಿಂತು ಏನಂದ? ‘ನನ್ನ ಅಕ್ಕನ ಮಗಳನ್ನ ಅಳಿಸಿದೋನು ಬೇಟೆ ಕಾಲದಲ್ಲಿ ನನ್ನ ಎದುರು ಬರದಿದ್ರೆ ಒಳ್ಳೇದು’ ಅಂದ."

"ಕುಡಿದಿದ್ದ ಅವನು."

"ನಾಳೆ ಸಾವಿನ ವಿಚಾರಣೆಗೆ ಪಂಚರಾಗಿ ಕೂರೋ ಆರು ಜನಾನೂ ಅಲ್ಲೇ ಕುಡೀತಾ ಕೂತಿದ್ರು."

ಸೈಮಿಗೆ ಬೇರೆ ಸಮಯದಲ್ಲಾದರೆ ನಗು ಬರುತ್ತಿತ್ತು.

ಪೆಂಗಿಲಿ ಮುಂದಕ್ಕೆ ಬಾಗಿದ. "ಒಂದೇ ಪ್ರಶ್ನೆ. ಅರಳದೇ ಗುಂಡು ಜಿಂಕೆಯನ್ನ ದಾಟಿ ಹೋಗೋದುಂಟಾ?"

"ಸೀಸ ಹೇಗೆ ಎರೆದಿದೆ ಅನ್ನೋದರ ಮೇಲಿದೆ."

"ಎರೆದೋಳು ನೀನು."

ಅವಳು ಬಾಟಲಿಯ ಕಡೆಗೆ ಮತ್ತೆ ನೋಡಿದಳು. ಈ ಸಲ ನಿಜವಾಗಿಯೂ ನೋಡಿದಳು.

ಗುಂಡು ಆರಿಸುವುದೆಂದರೆ ಹಿಟ್ಟು ಜರಡಿ ಹಿಡಿದಂತೆ ಅವಳಿಗೆ ಅಭ್ಯಾಸವಾಗಿದ್ದ ಕೆಲಸ. ಮೂತಿ ಚಪ್ಪಟೆಯೇ ಇರಬೇಕು, ಅದರಲ್ಲಿ ಆಯ್ಕೆಯಿಲ್ಲ. ಕೆಳಗಿನ ಕೊಂಡಿ ಎಳೆದು ಮುಚ್ಚಿ ಗುಂಡು ತುಂಬುವ ಈ ಲಿವರ್ ಬಂದೂಕುಗಳಲ್ಲಿ ಕಾಡತೂಸುಗಳು ನಳಿಕೆಯ ಕೆಳಗಿನ ಕೊಳವೆಯಲ್ಲಿ ರೈಲುಡಬ್ಬಿಗಳಂತೆ ಒಂದರ ಹಿಂದೊಂದು ಕೂರುತ್ತವೆ; ಚೂಪು ಮೂತಿಯಾದರೆ ಮುಂದಿನದರ ಬೆನ್ನಿಗೆ ಕುಟ್ಟಿ ಅಲ್ಲೇ ಸಿಡಿದೀತು. ಆಯ್ಕೆ ಇರುವುದು ಸೀಸದಲ್ಲಿ. ಮೆತ್ತನೆಯ ಸೀಸವಾದರೆ ಮೈಯೊಳಗೆ ಅರಳುತ್ತದೆ, ಜಿಂಕೆ ನಿಂತಲ್ಲೇ ಕುಸಿಯುತ್ತದೆ, ಆದರೆ ಒಂದು ತೊಡೆಯೋ ಭುಜವೋ ರಕ್ತ ಹೆಪ್ಪುಗಟ್ಟಿ ನಾಯಿಗೆ ಹೋಗುತ್ತದೆ. ಗಟ್ಟಿ ಸೀಸವಾದರೆ ಸೂಜಿ ಬಟ್ಟೆಯನ್ನು ದಾಟಿದಂತೆ ದಾಟಿಬಿಡುತ್ತದೆ.

ಅವಳ ಅಪ್ಪ ಫಿನ್ನಿಷ್ ಪತ್ರಿಕೆಯೊಂದರ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವವನಾಗಿದ್ದ. ಪತ್ರಿಕೆ ನಿಂತಾಗ ಸಂಬಳದ ಬಾಕಿಗೆಂದು ಕೊಟ್ಟಿದ್ದು ಪೆಟ್ಟಿಗೆಗಟ್ಟಲೆ ಅಕ್ಷರದ ಸೀಸ. ಗಾಜಿನಂತೆ ಗಟ್ಟಿ, ಮಾಮೂಲಿ ಸೀಸಕ್ಕಿಂತ ಹಗುರ. ಸೈಮಿ ಅದನ್ನು ಯಾವಾಗಲೂ ಮೆತ್ತನೆಯ ಸೀಸಕ್ಕೆ ಚಿಟಿಕೆ ಉಪ್ಪಿನಂತೆ ಬೆರೆಸುತ್ತಿದ್ದಳು, ಅಷ್ಟೇ. ಈ ವರ್ಷ ಮಾತ್ರ ಗಂಡ ರೇನೊ ಬೆನ್ನು ಬಿದ್ದಿದ್ದ. ಹೋದ ಸಲ ಅರ್ಧ ಜಿಂಕೆ ನಾಯಿ ತಿಂತು ಕಣೇ, ಪೂರಾ ಗಟ್ಟಿಯದು ಎರೆದುಕೊಡು, ತೂತಿನ ಅಂಚಿನವರೆಗೂ ತಿನ್ನಬಹುದು. ಅವಳು ಬೇಡವೆಂದಿದ್ದಳು. ಗಟ್ಟಿ ಗುಂಡು ತಗುಲಿದ ಜಿಂಕೆ ಓಡುತ್ತದೆ, ಕಾಡಲ್ಲೆಲ್ಲೋ ಹೋಗಿ ಸಾಯುತ್ತದೆ ಎಂದಿದ್ದಳು. ಕೊನೆಗೆ, ಮನೆಯಲ್ಲಿ ದಿನವೂ ಅದೇ ಮಾತು ಕೇಳಿ ಸಾಕಾಗಿ, ಎರೆದುಕೊಟ್ಟಿದ್ದಳು.

ಜಿಂಕೆಯನ್ನು ದಾಟಿದ ಮೇಲೆ ಗುಂಡು ಎಲ್ಲಿಗೆ ಹೋಗುತ್ತದೆಂದು ಆಗ ಯಾರೂ ಕೇಳಿರಲಿಲ್ಲ. ಅವಳೂ ಕೇಳಿಕೊಂಡಿರಲಿಲ್ಲ.

ಬಾಟಲಿಯೊಳಗಿನ ಗುಂಡು ಬೆಳ್ಳಿಯಂತೆ ಹೊಳೆಯುತ್ತಿತ್ತು. ಗೆರೆಗಳ ಅಂಚು ಚಾಕುವಿನಂತೆ ಚೂಪಾಗಿತ್ತು. ಮೆತ್ತನೆಯ ಸೀಸ ಹೀಗೆ ಎರಕ ಕೂರುವುದಿಲ್ಲ. ಅದು ಮಂಕು, ಬೂದಿ ಬಣ್ಣ. ಬಾಟಲಿಗೆ ಅಂಟಿಸಿದ್ದ ಚೀಟಿಯಲ್ಲಿ ತೂಕ ಬರೆದಿತ್ತು. ಅದೇ ಅಚ್ಚಿನ ಮೆತ್ತನೆಯ ಗುಂಡಿಗಿಂತ ಸ್ಪಷ್ಟವಾಗಿ ಹಗುರ.

ಇದು ಗಟ್ಟಿಯದು. ರೇನೊಗೆ ಎರೆದದ್ದು.

ಒನ್ನಿಗೆ ಅವಳು ಕೊಟ್ಟಿದ್ದು ಎಂದಿನ ಮೆತ್ತನೆಯವು. ಅವನು ಹೊಡೆದ ಜಿಂಕೆಯನ್ನು ಇದೇ ಮನೆಯ ಕೊಟ್ಟಿಗೆಯಲ್ಲಿ ತೂಗುಹಾಕಿದ್ದರು. ಚರ್ಮ ಸುಲಿದವಳು ಅವಳೇ. ಎಡ ಭುಜದಲ್ಲಿ ಮುಷ್ಟಿ ಹೋಗುವಷ್ಟು ದೊಡ್ಡ ತೂತು, ಸುತ್ತ ಕರಿದ್ರಾಕ್ಷಿಯ ಗೊಜ್ಜಿನಂತೆ ಹೆಪ್ಪುಗಟ್ಟಿದ ರಕ್ತ. ಉಳಿದ ಮಾಂಸ ಆಗಲೇ ಗಾಜಿನ ಜಾಡಿಗಳಲ್ಲಿ ನೆಲಮಾಳಿಗೆ ಸೇರಿತ್ತು. ಆ ಜಿಂಕೆಯನ್ನು ಕೊಂದದ್ದು ಮೆತ್ತನೆಯ ಗುಂಡು. ಎದುರಿಗಿರುವುದು ಆ ಜಿಂಕೆಯನ್ನು ಕಂಡೇ ಇಲ್ಲ.

"ಏನು ಯೋಚನೆ?" ಪೆಂಗಿಲಿ ಕೇಳಿದ.

"ಗಟ್ಟಿಯಾಗಿ ಎರೆದ ಗುಂಡು ಅರಳೋದಿಲ್ಲ. ಹತ್ತಿರದಿಂದಾದ್ರೂ ಅಷ್ಟೇ, ದೂರದಿಂದಾದ್ರೂ ಅಷ್ಟೇ. ಜಿಂಕೆಯನ್ನ ದಾಟಿ ಹೋಗುತ್ತೆ." ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಇದು ಗಟ್ಟಿಯದಾ?"

"ಹೂಂ."

ಪೆಂಗಿಲಿ ಉಸಿರು ಬಿಟ್ಟ. ಇಡೀ ದಿನ ಬೂಟಿನಲ್ಲಿ ಕಲ್ಲಿಟ್ಟುಕೊಂಡು ನಡೆದವನಿಗೆ ಬೂಟು ಬಿಚ್ಚಿದಂತಾಯಿತು. "ಸಾಕು ಕಣೇ. ಇದನ್ನೇ ನಾಳೆ ಬೆಳಿಗ್ಗೆ ಟೌನ್ ಹಾಲಿನಲ್ಲಿ ಬೈಬಲ್ ಮೇಲೆ ಕೈಯಿಟ್ಟು ಹೇಳಿಬಿಡು. ಆಕಸ್ಮಿಕ ಅಂತ ಪಂಚರು ತೀರ್ಪು ಕೊಡ್ತಾರೆ, ನಿನ್ನ ತಮ್ಮ ಮಧ್ಯಾಹ್ನದ ಊಟಕ್ಕೆ ಮನೇಲಿರ್ತಾನೆ. ಹೇಳದಿದ್ರೆ ಜೀವಮಾನ ಪೂರ್ತಿ ಒಳಗೇ."

"ನಾನು ಅವನ ಅಕ್ಕ. ನನ್ನ ಮಾತು ಯಾರು ನಂಬ್ತಾರೆ?"

"ಬೇರೆ ಯಾವ ಅಕ್ಕ ಹೇಳಿದ್ರೂ ನಂಬಲ್ಲ. ನೀನು ಪೋಸ್ಟ್‌ಮಾಸ್ಟರನಿಗೆ ‘ನಿಮ್ಮ ಗುರಿ ಕೆಟ್ಟದ್ದು, ನನ್ನ ಗುಂಡನ್ನ ಬೈಬೇಡಿ’ ಅಂತ ಚರ್ಚಿನ ಬಾಗಿಲಲ್ಲೇ ಹೇಳಿದೋಳು." ಅವನು ಟೋಪಿ ಎತ್ತಿಕೊಂಡ. ಬಾಗಿಲಲ್ಲಿ ನಿಂತು, ನೆನಪಾದವನಂತೆ ಸೇರಿಸಿದ. "ಗುಂಡು ಒನ್ನಿ ಬಂದೂಕಿನದೇ ಅನ್ನೋದರಲ್ಲಂತೂ ಅನುಮಾನ ಇಲ್ಲ. ಅವನೇ ಬಂದೂಕು ತಂದು ನನ್ನ ಮೇಜಿನ ಮೇಲಿಟ್ಟನಲ್ಲ, ಅದನ್ನ ಜಲಸಂಧಿಯಾಚೆಯ ಪೊಲೀಸ್ ಪ್ರಯೋಗಾಲಯಕ್ಕೆ ಕಳಿಸಿದ್ದೆ. ನಳಿಕೆಯ ಗೀರಿಗೂ ಗುಂಡಿನ ಗೀರಿಗೂ ಸರಿಯಾಗಿ ತಾಳೆಯಾಗಿದೆಯಂತೆ."

"ಒನ್ನಿಯ ಬಂದೂಕಿಗೆ?"

"ಇನ್ಯಾರದ್ದಕ್ಕೆ?"

"ಏನಿಲ್ಲ," ಎಂದಳು ಸೈಮಿ. "ಕಾರು ಹುಷಾರಾಗಿ ಓಡಿಸು. ತಿರುವಿನಲ್ಲಿ ನೆಲ ಜಾರುತ್ತೆ."

ಕಾರಿನ ಸದ್ದು ದೂರವಾದರೂ ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡೇ ನಿಂತಿದ್ದಳು. ಬಿಸಿ ತುತ್ತು ಬಾಯಲ್ಲಿಟ್ಟುಕೊಂಡಂತಾಗಿತ್ತು. ನುಂಗುವಂತಿಲ್ಲ, ಉಗುಳುವಂತಿಲ್ಲ. ಸತ್ಯ ಹೇಳಿದರೂ ಅದು ಸುಳ್ಳಿನ ಕೆಲಸವನ್ನೇ ಮಾಡುವ ಇಂಥ ಪ್ರಶ್ನೆಯನ್ನು ಅವಳು ಬದುಕಿನಲ್ಲಿ ಎದುರಿಸಿರಲಿಲ್ಲ. ಅದೂ ಸಾಲದೆಂದು ಈಗ ಇನ್ನೊಂದು.

ಆ ಗುಂಡು ಒನ್ನಿಯ ಬಂದೂಕಿನಿಂದ ಹಾರಲು ಸಾಧ್ಯವೇ ಇರಲಿಲ್ಲ.

ಬಂದೂಕು ಗಂಡಸರದು, ಗುಂಡು ಅವಳದು. ಮದುವೆಯಾದಂದಿನಿಂದ ಹಾಗೇ ನಡೆದುಕೊಂಡು ಬಂದಿತ್ತು. ಗೂಟದ ಮೇಲಿನ ಬಂದೂಕನ್ನು ಅವಳು ಇಳಿಸುತ್ತಿರಲಿಲ್ಲ. ಧೂಳು ಒರೆಸಲೂ ಇಲ್ಲ. ಆದರೆ ಹೊಡೆದು ಮುಗಿದ ಹಿತ್ತಾಳೆಯ ಖಾಲಿ ಕೋಶಗಳು ಹಿಂದಿರುಗಿ ಬರುವುದು ಅವಳ ಬಳಿಗೇ. ಅವುಗಳ ಕತ್ತು ಎಷ್ಟು ಹಿಗ್ಗಿದೆ, ಎಲ್ಲಿ ಮಸಿ ಹಿಡಿದಿದೆ ಎಂದು ನೋಡಿದರೆ ಬಂದೂಕಿನ ಒಳಗು ತಿಳಿಯುತ್ತಿತ್ತು, ಹಳೆಯ ರವಿಕೆ ಕೈಗೆ ಕೊಟ್ಟರೆ ದರ್ಜಿಗೆ ಮೈಯ ಅಳತೆ ತಿಳಿಯುವಂತೆ. ರೇನೊ ಮತ್ತು ಒನ್ನಿಯ ಬಂದೂಕುಗಳು ಒಂದೇ ವರ್ಷ ಒಂದೇ ಅಂಗಡಿಯಲ್ಲಿ ಕೊಂಡ ಅವಳಿ ಬಂದೂಕುಗಳು. ನೋಡಿದರೆ ವ್ಯತ್ಯಾಸ ಹೇಳಲಾಗದು. ಒಳಗೆ ಮಾತ್ರ ರೇನೊನದು ಸವೆದು ಸಡಿಲವಾಗಿತ್ತು. ಆದ್ದರಿಂದ ಅವನ ಗುಂಡನ್ನು ಒಂದು ಕೂದಲೆಳೆ ದಪ್ಪವಾಗಿಯೇ ಬಿಟ್ಟು, ಕೋಶದಿಂದ ತುಸು ಮುಂದೆ ಕೂರಿಸುತ್ತಿದ್ದಳು. ಒನ್ನಿಯದು ಹೊಸದರಂತೆ ಬಿಗಿ. ರೇನೊನ ಕಾಡತೂಸನ್ನು ಅದಕ್ಕೆ ಹಾಕಿದರೆ ಲಿವರ್ ಮುಚ್ಚುವುದೇ ಇಲ್ಲ.

ಅವಳು ಹಿಂಬದಿಯ ಕೋಣೆಗೆ ಹೋದಳು. ಬುಡದ ಮರಕ್ಕೆ ಮೇಕೆಚರ್ಮದ ಹೊದಿಕೆ ಹಾಕಿದ ರೇನೊನ ಬಂದೂಕು ಗೂಟದ ಮೇಲಿತ್ತು. ಹೊದಿಕೆ ಅವಳೇ ಹೊಲಿದದ್ದು; ಚಳಿಯಲ್ಲಿ ಕೆನ್ನೆಗೆ ಮರ ತಾಗದಿರಲೆಂದು. ಅದರ ದಾರ ಕೆಳಗಿನಿಂದ ಮೇಲಕ್ಕೆ, ಎಡದಿಂದ ಬಲಕ್ಕೆ ಕಟ್ಟಿತ್ತು.

ಅವಳು ಹಾಗೆ ಕಟ್ಟಿರಲಿಲ್ಲ.

ಬಂದೂಕನ್ನು ಇಳಿಸಿ, ಖಾಲಿಯಿದೆಯೆಂದು ನೋಡಿಕೊಂಡು ತನ್ನ ಕೆಲಸದ ಮೇಜಿನ ಮೇಲಿಟ್ಟಳು. ಡ್ರಾಯರಿನಲ್ಲಿ ಅಳತೆಗೆಂದು ಇಟ್ಟುಕೊಂಡ ಎರಡು ಮಾದರಿಗಳಿದ್ದವು. ಮದ್ದಿಲ್ಲದ, ಕಿಡಿಯಿಲ್ಲದ ಗೊಡ್ಡು ಕಾಡತೂಸುಗಳು. ಒಂದು ರೇನೊನ ಅಳತೆ, ಒಂದು ಒನ್ನಿಯದು.

ರೇನೊನದನ್ನು ಪಕ್ಕದ ಕಿಂಡಿಯಿಂದ ತಳ್ಳಿ ಲಿವರ್ ಎಳೆದು ಮೇಲೆತ್ತಿದಳು. ಹೆಬ್ಬೆರಳು ತೂರುವಷ್ಟು ಜಾಗ ಉಳಿಸಿ ಲಿವರ್ ನಿಂತುಬಿಟ್ಟಿತು. ಒತ್ತಿದಳು. ಅಲುಗಲಿಲ್ಲ.

ಅದನ್ನು ತೆಗೆದು ಒನ್ನಿಯದನ್ನು ಹಾಕಿದಳು. ಬೆಣ್ಣೆಯಲ್ಲಿ ಚಮಚ ಹೋದಂತೆ ಮುಚ್ಚಿಕೊಂಡಿತು.

"ಅದನ್ನ ಯಾಕೆ ಇಳಿಸಿದೆ?"

ರೇನೊ ಬಾಗಿಲಲ್ಲಿ ನಿಂತಿದ್ದ. ಹಾಲು ಕರೆದು ಬಂದ ಬಕೆಟ್ಟು ಕೈಯಲ್ಲೇ ಇತ್ತು. ಸೊಂಟ ಇನ್ನೂ ನೆಟ್ಟಗಾಗದೆ ಒಂದು ಬದಿಗೆ ವಾಲಿಕೊಂಡಿದ್ದ.

"ಇದು ಯಾರ ಬಂದೂಕು?"

"ನಂದು. ನೀನು ಹೊಲಿದ ಹೊದಿಕೆ ಕಾಣ್ತಿಲ್ವಾ?"

"ಹೊಲಿದೋಳು ನಾನು. ದಾರ ಕಟ್ಟಿದೋನು ಒನ್ನಿ. ಅವನಿಗೆ ಬೂಟಿನ ದಾರ ಕಟ್ಟೋದು ಕಲಿಸಿದೋಳೂ ನಾನೇ. ಎಡಗೈಯೋನು, ಎಷ್ಟು ಹೇಳಿದ್ರೂ ತಿರುಗಾಮುರುಗ ಕಟ್ತಿದ್ದ." ಅವಳು ಬಂದೂಕಿನಿಂದ ಒನ್ನಿಯ ಮಾದರಿಯನ್ನು ತೆಗೆದು, ರೇನೊನದನ್ನು ಕಿಂಡಿಗೆ ತುರುಕಿದಳು. "ಬಾ. ಲಿವರ್ ಮುಚ್ಚು."

"ಸೈಮಿ..."

"ನಿನ್ನ ಬಂದೂಕು, ನಿನ್ನ ಕಾಡತೂಸು. ಮುಚ್ಚು ಅಂದೆ."

ಅವನು ಬಕೆಟ್ಟು ಕೆಳಗಿಟ್ಟು ಬಂದು ಲಿವರ್ ಎತ್ತಿದ. ಅದು ಅದೇ ಜಾಗದಲ್ಲಿ ನಿಂತಿತು. ಅವನು ಇನ್ನೊಮ್ಮೆ ಒತ್ತಲಿಲ್ಲ. ಸ್ಟೂಲಿನ ಮೇಲೆ ಕೂತುಕೊಂಡ. ಗಣಿಯಲ್ಲಿ ಇಡೀ ಹೊತ್ತು ದುಡಿದು ಬಂದ ದಿನಗಳಲ್ಲೂ ಅವನು ಹೀಗೆ ಕೂತದ್ದನ್ನು ಅವಳು ಕಂಡಿರಲಿಲ್ಲ.

"ಷೆರೀಫನ ಹತ್ರ ಇರೋದು ನಿನ್ನದು," ಎಂದಳು. "ಒನ್ನಿ ನಿನ್ನ ಬಂದೂಕನ್ನ ತನ್ನದು ಅಂತ ಒಪ್ಪಿಸಿ, ತನ್ನದನ್ನ ಇಲ್ಲಿ ನೇತುಹಾಕಿ ಹೋಗಿದಾನೆ. ನೀನಾ ಹೊಡೆದಿದ್ದು?"

"ಅಲ್ಲ."

"ನನ್ನ ಮುಖ ನೋಡಿ ಹೇಳು."

ಅವನು ನೋಡಿದ. "ಅಲ್ಲ ಕಣೇ. ಅವತ್ತು ಬೇಟೆ ಕ್ಯಾಂಪಿನ ಮಂಚದಿಂದ ಏಳೋಕೂ ಆಗಿರಲಿಲ್ಲ ನನಗೆ. ಸೊಂಟ ಹಿಡ್ಕೊಂಡಿತ್ತು."

"ಹಾಗಿದ್ರೆ ನಿನ್ನ ಬಂದೂಕು ಯಾರ ಕೈಲಿತ್ತು?"

"ಕೇಳಬೇಡ. ನಾಳೆ ಪ್ರಮಾಣ ಮಾಡಬೇಕಾದೋಳು ನೀನು. ಗೊತ್ತಿಲ್ಲದ್ದನ್ನ ಹೇಳದಿದ್ರೆ ಅದು ಸುಳ್ಳಾಗಲ್ಲ. ಅದಕ್ಕೇ ಒನ್ನಿ ಅಂದ, ಅಕ್ಕನಿಗೆ ಹೇಳೋದು ಬೇಡ, ಅವಳು ಸುಳ್ಳು ಹೇಳೋಕೆ ಹೋದ್ರೆ ಕಿವಿ ಕೆಂಪಾಗುತ್ತೆ ಅಂತ."

"ಓಹೋ. ಇಬ್ಬರೂ ಸೇರಿ ನನ್ನ ನಾಲಗೇನ ಮಡಿಯಲ್ಲಿಟ್ಟಿರಾ?"

ಸೈಮಿಗೆ ಕೋಪ ಬರಬೇಕಿತ್ತು. ಬಂದದ್ದು ಹಳೆಯ ಆಯಾಸ. ಅವಳಿಗೆ ಏನು ತಿಳಿದಿರಬೇಕು, ಏನು ತಿಳಿದಿರಬಾರದು ಎಂಬುದನ್ನು ಸದಾ ಬೇರೆಯವರೇ ತೀರ್ಮಾನಿಸುತ್ತಿದ್ದರು. ಗಣಿ ಮುಚ್ಚುವ ಸುದ್ದಿ ಅವಳಿಗೆ ಸಿಕ್ಕಿದ್ದು ಕಟುಕನ ಅಂಗಡಿಯಲ್ಲಿ. ರೇನೊನ ಪುಪ್ಪುಸದ ಮೇಲೆ ಕಲೆಯಿದೆಯೆಂಬ ಸುದ್ದಿ ಪಾದ್ರಿಯ ಹೆಂಡತಿಯಿಂದ. ಅವಳನ್ನು ನೋವಿನಿಂದ ಕಾಪಾಡುತ್ತಿದ್ದೇವೆ ಎಂದು ಅವರೆಲ್ಲ ನಂಬಿದ್ದರು. ಕಾಪಾಡಿದ ಮೇಲೂ ನೋವು ಬಂದೇ ಬರುತ್ತಿತ್ತು; ಒಬ್ಬಳೇ ಇದ್ದಾಗ ಬರುತ್ತಿತ್ತು, ಅಷ್ಟೇ.

"ನನ್ನ ಕೈಲಿತ್ತು, ಅಮ್ಮ."

ಇಬ್ಬರೂ ತಿರುಗಿದರು. ಮಗಳು ಹೆಲ್ಮಿ, ಸಹಕಾರಿ ಅಂಗಡಿಯ ಕೆಲಸ ಮುಗಿಸಿ ಬಂದವಳು, ಅಡುಗೆಮನೆಯ ಬಾಗಿಲಲ್ಲಿದ್ದಳು. ತಲೆವಸ್ತ್ರವನ್ನೂ ಬಿಚ್ಚಿರಲಿಲ್ಲ.

"ಹೆಲ್ಮಿ, ಒಳಗೆ ಹೋಗು," ಎಂದ ರೇನೊ.

"ಎಷ್ಟು ಒಳಗೆ ಹೋಗಲಿ ಅಪ್ಪಾ? ವಾರದಿಂದ ನನ್ನ ಒಳಗೇ ಅಡಗಿದೀನಿ."

ಸೈಮಿಯ ಮಾತು ತಾನಾಗಿಯೇ ಹೊರಬಿತ್ತು. "ಅವತ್ತು ನೀನು ಅಂಗಡೀಲಿದ್ದೆ."

"ಮಧ್ಯಾಹ್ನದವರೆಗೆ ರಜೆ ಹಾಕಿದ್ದೆ. ಬೇಟೆಗೆ ಹೋದ್ರೆ ಮನಸ್ಸು ಹಗುರಾಗುತ್ತೆ ಅಂತ. ಅಪ್ಪ ಮಲಗಿದ್ರಲ್ಲ, ಅವರ ಬಂದೂಕು ತಗೊಂಡು ಅವರ ಜಾಗದಲ್ಲಿ ನಾನು ಕೂತೆ." ಅವಳು ಪಾಠ ಒಪ್ಪಿಸುವವಳಂತೆ ಹೇಳುತ್ತಿದ್ದಳು, ಎಷ್ಟೋ ಸಲ ಮನಸ್ಸಿನೊಳಗೇ ಒಪ್ಪಿಸಿ ಸವೆದ ಪಾಠ. "ಕೊಂಬಿನ ಜಿಂಕೆ ಬಂತು. ಹೊಡೆದೆ. ನೆಗೆದು ಓಡಿಹೋಯ್ತು. ರಕ್ತ ಬಿದ್ದಿದೆಯಾ ಅಂತ ನೋಡೋಕೆ ಹೋದೆ. ಪೊದೆ ಹಿಂದೆ ಕೆಂಪು ಕೋಟು ಕಾಣಿಸ್ತು. ಯಾರದ್ದು ಅಂತ... ಅಮ್ಮಾ, ಆ ಕೋಟಿನ ಗುಂಡಿ ಹೊಲಿದುಕೊಟ್ಟೋಳು ನಾನು."

ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು.

"ಒನ್ನಿ ಮಾವನ ಹತ್ರ ಓಡಿದೆ. ಬಂದೂಕು ಇಲ್ಲಿ ಕೊಡು, ಅಂಗಡಿಗೆ ಹೋಗಿ ಸಕ್ಕರೆ ತೂಗು, ನೀನು ಈ ಕಡೆ ಬಂದೇ ಇಲ್ಲ ಅಂದ. ಹೋಗಿ ತೂಗಿದೆ."

"ಆಕಸ್ಮಿಕ ಅಂದ್ರೆ ಆಕಸ್ಮಿಕ ಅಂತ ಹೇಳಬಹುದಿತ್ತಲ್ಲ ಮಗಳೇ?"

"ಯಾರಿಗೆ ಹೇಳೋದು? ಅವನು ಬೇಡ ಅಂತ ಬಿಟ್ಟು ಹೋದೋಳು ನಾನು. ನಾನು ಹೊಡೆದ ಗುಂಡು ಹುಡುಕಿಕೊಂಡು ಹೋದ ಹಾಗೆ ಅವನ ಎದೇಲೇ ಕೂತಿದೆ. ಈ ಊರಲ್ಲಿ ಒಬ್ಬರಾದ್ರೂ ನಂಬ್ತಾರಾ? ನೀನು ನಂಬ್ತೀಯಾ?" ಅವಳು ಮೇಜಿನ ಮೇಲಿನ ಬಂದೂಕಿನ ಕಡೆ ನೋಡಿದಳು. "ಜಿಂಕೆಯನ್ನ ದಾಟಿ ಗುಂಡು ಹಾಗೆ ಹೋಗಿಬಿಡುತ್ತೆ ಅಂತ ನನಗೆ ಯಾರೂ ಹೇಳಿರಲಿಲ್ಲ, ಅಮ್ಮ."

ಸೈಮಿ ಮೇಜಿನ ಮೇಲಿದ್ದ ಮಾದರಿ ಕಾಡತೂಸನ್ನು ಕೈಯಲ್ಲಿ ಹಿಡಿದುಕೊಂಡಳು. ಹೌದು, ಯಾರು ಹೇಳಬೇಕಿತ್ತು? ಗಟ್ಟಿಯದು ಬೇಕೆಂದವನಲ್ಲ. ಎರೆದವಳು. ಕಾಡತೂಸಿನ ಡಬ್ಬಿಯ ಮೇಲೆ ರೇನೊನ ಹೆಸರು ಬರೆದಿದ್ದಳು. ಅದನ್ನು ಬೇರೆ ಯಾರಾದರೂ ತೆರೆದಾರು, ಹೊಟ್ಟೆಯಲ್ಲಿ ಹುಟ್ಟಿದ ಮಗಳೇ ತೆರೆದಾಳು ಎಂದು ಅವಳಿಗೆ ಹೊಳೆದಿರಲಿಲ್ಲ. ಮಗಳನ್ನು ಎದೆಗೊತ್ತಿಕೊಳ್ಳಬೇಕೆಂದು ಕೈ ಮುಂದೆ ಹೋಯಿತು.

ಅರ್ಧದಲ್ಲೇ ನಿಂತಿತು.

ಅವಳು ತಡೆಯಬೇಕೆಂದರೂ ಆ ಪ್ರಶ್ನೆ ತಡೆಯಲಿಲ್ಲ. ಅಷ್ಟು ವರ್ಷ ಚರ್ಮ ಸುಲಿದು, ತೂತು ನೋಡಿ, ಯಾವ ಗುಂಡು ಎಲ್ಲಿ ಹೊಕ್ಕು ಎಲ್ಲಿ ಹೊರಬಂತೆಂದು ಲೆಕ್ಕ ಹಾಕಿದ ತಲೆ ತಾನಾಗಿಯೇ ಕೇಳಿತು.

"ಆ ಜಿಂಕೆ ಎಲ್ಲಿ?"

"ಅಂದ್ರೆ?"

"ಒನ್ನಿ ಹೊಡೆದ ಜಿಂಕೆ ಬೇರೆ. ಅದರ ತೂತು ಮೆತ್ತನೆಯ ಗುಂಡಿನದು. ನಿನ್ನ ಜಿಂಕೆಯಲ್ಲಿ ಎರಡು ಸಣ್ಣ ತೂತು ಇರಬೇಕು, ಹೊಕ್ಕ ಕಡೆ ಒಂದು, ಹೊರಬಿದ್ದ ಕಡೆ ಒಂದು. ಬಹಳ ದೂರ ಓಡಿರಲ್ಲ. ಈ ಚಳಿಗೆ ಕೊಳೆತೂ ಇರಲ್ಲ. ಅದು ಸಿಕ್ಕಿದ್ರೆ ಸಾಕು ಹೆಲ್ಮಿ. ನೀನು ಜಿಂಕೆಗೇ ಹೊಡೆದೆ ಅಂತ ಯಾರ ಮುಂದೆ ಬೇಕಾದ್ರೂ ನಾನು ತೋರಿಸ್ತೀನಿ. ನಿನ್ನ ಮಾವ ಸುಳ್ಳು ಹೊತ್ಕೊಳ್ಳೋದೂ ಬೇಡ, ನೀನು ಅಡಗೋದೂ ಬೇಡ."

ಹೇಳುತ್ತ ಹೇಳುತ್ತ ಅವಳ ದನಿಯಲ್ಲಿ ಜೀವ ಬಂದಿತ್ತು. ಅದು ರೇನೊನ ಮುಖ ನೋಡುವವರೆಗೆ ಮಾತ್ರ.

ರೇನೊ ನೆಲ ನೋಡುತ್ತಿದ್ದ. "ನಾನು ಹುಡುಕಿದೆ," ಎಂದ ಮೆಲ್ಲಗೆ.

"ಯಾವಾಗ?"

"ಸೊಂಟ ಸ್ವಲ್ಪ ನೆಟ್ಟಗಾದಾಗಿಂದ ದಿನಾ. ಸೌದೆಗೆ ಅಂತ ನಿನಗೆ ಹೇಳಿ ಹೋಗ್ತಿದ್ದೆ. ಒಂದೊಂದು ಪೊದೇನೂ ಬಿಡಲಿಲ್ಲ. ಮಂಡಿಯೂರಿ ಎಲೆ ಮಗುಚಿ ನೋಡಿದೆ. ಜಿಂಕೆ ಇಲ್ಲ ಸೈಮಿ. ಒಂದು ತೊಟ್ಟು ರಕ್ತ ಇಲ್ಲ. ಒಂದು ಕೂದಲೂ ಸಿಗಲಿಲ್ಲ."

ಹೆಲ್ಮಿ ಅಪ್ಪನನ್ನೇ ದಿಟ್ಟಿಸಿದಳು. "ನೀನು ನನಗೆ ಹೇಳಲೇ ಇಲ್ಲ."

"ಏನಂತ ಹೇಳಲಿ?"

"ಹುಡುಕಿದೆ, ಸಿಗಲಿಲ್ಲ ಅಂತ! ಅಷ್ಟು ದಿನದಿಂದ ನನ್ನ ಎದುರೇ ಕೂತು ಊಟ ಮಾಡ್ತಿದೀಯ. ಒಳಗೊಳಗೇ ಏನು ಅಂದ್ಕೊಂಡೆ? ನಾನು ಬೇಕಂತಲೇ..."

"ನಾನು ಏನೂ ಅಂದ್ಕೊಳ್ಳಲಿಲ್ಲ."

"ಅಂದ್ಕೊಂಡೆ. ಅದಕ್ಕೇ ನೆಲ ನೋಡ್ತಿದೀಯ."

ಸೈಮಿ ಇಬ್ಬರ ನಡುವೆ ನಿಂತಿದ್ದಳು. ಯಾರ ಕಡೆ ತಿರುಗಿದರೂ ಇನ್ನೊಬ್ಬರಿಗೆ ಬೆನ್ನು ಹಾಕಿದಂತಾಗುತ್ತಿತ್ತು. ನಾಳೆ ಬೆಳಿಗ್ಗೆ ಕಪ್ಪು ಪುಸ್ತಕದ ಮೇಲೆ ಕೈಯಿಟ್ಟು ಅವಳು ಬಾಯಿ ತೆರೆಯಬೇಕು. ಗಟ್ಟಿ ಗುಂಡು ಜಿಂಕೆಯನ್ನು ದಾಟುತ್ತದೆ ಎಂದರೆ ತಮ್ಮ ಬಿಡುಗಡೆಯಾಗುತ್ತಾನೆ. ಯಾವ ಜಿಂಕೆಯನ್ನು ಎಂದು ಒಬ್ಬ ಪಂಚ ಕೇಳಿದರೂ ಸಾಕು, ದಾರಿ ನೇರ ಈ ಕೋಣೆಗೆ ಬರುತ್ತದೆ.

"ಎಲ್ಲಿ ಹುಡುಕಿದೆ?" ಹೆಲ್ಮಿ ಇದ್ದಕ್ಕಿದ್ದಂತೆ ಕೇಳಿದಳು.

"ಜೌಗಿನ ಈ ದಡ. ರೈಲುಕಂಬಿ ಕಡೆ ಪೂರ್ತಿ."

"ರೈಲುಕಂಬಿ ಕಡೆ ಯಾಕೆ?"

"ಜಿಂಕೆ ಅತ್ತ ಓಡ್ತು ಅಂತ ನೀನೇ ಹೇಳಿದೆಯಂತಲ್ಲ. ಒನ್ನಿ ಹೇಳ್ದ. ಲಾಕಪ್ಪಿಗೆ ಹೋಗೋ ಮುಂಚೆ ನಾನೇ ಕೇಳಿದ್ದೆ ಅವನನ್ನ."

ಹೆಲ್ಮಿ ತಲೆವಸ್ತ್ರದ ಗಂಟಿಗೆ ಕೈ ಹಾಕಿ, ಬಿಚ್ಚಲು ಮರೆತವಳಂತೆ ಹಾಗೇ ಹಿಡಿದುಕೊಂಡು ನಿಂತಳು.

"ನಾನು ಹಾಗೆ ಹೇಳಲೇ ಇಲ್ಲ," ಎಂದಳು. "ಹಳೇ ಗಣಿ ಕಡೆ ಓಡ್ತು ಅಂತ ಮಾವನಿಗೆ ಹೇಳಿದ್ದು. ಬೆರಳು ತೋರಿಸಿ ಹೇಳಿದೆ. ಹೂಂ ಅಂತ ತಲೆ ಆಡಿಸಿದ."

ರೇನೊ ಹೆಂಡತಿಯ ಮುಖ ನೋಡಿದ. ಸೈಮಿ ಮಗಳ ಕಿವಿಯನ್ನು ನೋಡುತ್ತಿದ್ದಳು. ಚಳಿಯಲ್ಲಿ ನಡೆದು ಬಂದವಳ ಕಿವಿ, ಕೆಂಪಗಿತ್ತು. ಅದರಿಂದ ಏನೂ ತಿಳಿಯುವಂತಿರಲಿಲ್ಲ. ತಾನು ಎತ್ತಿ ಆಡಿಸಿದ ತಮ್ಮ, ತಾನು ಹೆತ್ತ ಮಗಳು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದರು.

ಕಿಟಕಿಯಾಚೆ, ರೈಲುಕಂಬಿಯ ಕಡೆಗೂ ಹಳೇ ಗಣಿಯ ಕಡೆಗೂ, ಒಂದೇ ಸಮನೆ ಹಿಮ ಬೀಳತೊಡಗಿತ್ತು, ಜಿಂಕೆಯಿದ್ದರೂ ಬೆಳಗಾಗುವುದರೊಳಗೆ ಮುಚ್ಚಿಹೋಗುವಂತೆ.